ಒಲೆ ಕಾಣದ ಆರು ವಾರ

ಹೇಳಿಕೊಳ್ಳುವಂಥ ಜಾಗದಲ್ಲೇನೂ ಮುರಿಯಲಿಲ್ಲ.
ಫೆಬ್ರವರಿ, ಬೆಳಗಿನ ನಾಲ್ಕೂವರೆ,
ಕುತಾಯಿಸಿಯ ನಮ್ಮ ಓಣಿಯ ಮೂರನೇ ಮೆಟ್ಟಿಲು.
ಯಾರೋ ಚೆಲ್ಲಿದ ಬಕೆಟ್ ನೀರು
ರಾತ್ರಿಯೇ ಹೆಪ್ಪುಗಟ್ಟಿತ್ತು.
ಯಾರೋ ಏನು, ನಾನೇ.

ಬೀಳುವಾಗ ಬಲಗೈ ಊರಿದೆ.
ಒಣಕಡ್ಡಿ ಮುರಿದಂತೆ ಅನ್ನುತ್ತಾರಲ್ಲ, ಹಾಗಲ್ಲ,
ಚೆನ್ನಾಗಿ ಬೆಂದ ರೊಟ್ಟಿಯ ತುದಿ
ಮುರಿದ ಸದ್ದು.
ನನಗೆ ಚೆನ್ನಾಗಿ ಗೊತ್ತಿರುವ ಸದ್ದು ಅದೊಂದೇ.

ಎಕ್ಸ್‌ರೇ ಕೋಣೆಯ ಹುಡುಗ
ಅಲ್ಲಾಡಬೇಡಿ ಎಂದ.
ಮೂವತ್ತೊಂದು ವರ್ಷ
ಬಾವಿಯಂಥ ಒಲೆಯೊಳಗೆ ಬಗ್ಗಿ
ಕೆಂಡದ ಗೋಡೆಗೆ ಹಿಟ್ಟು ಬಡಿದ ಕೈ ಇದು,
ನಿದ್ದೆಯಲ್ಲೂ ಅಲ್ಲಾಡುತ್ತದೆ ಮಗನೇ,
ನನ್ನ ಗಂಡನನ್ನು ಕೇಳು.

ಓಣಿಯುದ್ದ ಬೆಂಚು, ಬೆಂಚಿನುದ್ದ ನಾವು:
ಹಿಪ್ಪುನೇರಳೆ ಮರದಿಂದ ಬಿದ್ದ ಪೋರ,
ಗಂಟೆಗೋಪುರದಲ್ಲಿ ಕಾಲ್ಬೆರಳು ಜಜ್ಜಿಕೊಂಡ ಪಾದ್ರಿ,
ಮಡಿಲಲ್ಲಿ ಜೀವಂತ ಕೋಳಿ ಇಟ್ಟುಕೊಂಡ ಅಜ್ಜಿ.
ಕೋಳಿಗೇನಾಗಿದೆ ಎಂದೆ.
ಏನೂ ಇಲ್ಲ, ಡಾಕ್ಟರಿಗೆ, ಎಂದಳು.

ಡಾಕ್ಟರ್ ಮಕ್ವಾಲಾಗೆ ನನ್ನ ಮಗಳ ವಯಸ್ಸು.
ಅವಳು ಬೆರಳು ಹಿಡಿದು ಎಳೆದಳು,
ತಂಗಿಯ ಮಗ ಗೋಚಾ ಮೊಣಕೈ ಒತ್ತಿ ಹಿಡಿದ.
ಸತ್ತ ಅಪ್ಪನ ಹೆಸರೂ ಒಂದು ಕೆಟ್ಟ ಬೈಗುಳವೂ
ಒಂದೇ ಉಸಿರಲ್ಲಿ ಹೊರಬಿದ್ದವು.
ಪಾದ್ರಿ ಕೇಳಿಸಿಕೊಂಡಿರಬೇಕು.

ಆಮೇಲೆ ಬಿಳಿಪುಡಿ ಬಳಿದ ಪಟ್ಟಿ, ತಟ್ಟೆಯಲ್ಲಿ ನೀರು.
ನೀರು ಇನ್ನೊಂದಿಷ್ಟು ಬೆಚ್ಚಗಿರಲಿ, ಬೇಗ ಹಿಡಿಯುತ್ತದೆ ಎಂದೆ.
ಎಷ್ಟು ಪ್ಲಾಸ್ಟರ್ ಹಾಕಿದ್ದೀರಿ ಎಂದಳು.
ದಿನಕ್ಕೆ ಮುನ್ನೂರು.
ನಕ್ಕಳು, ನೀರು ಬದಲಿಸಿದಳು.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದಂತೆ.
ತಿಳಿಸದೇ ಇಟ್ಟು ಕೆಟ್ಟೆ.
ಗುಂಡಿ ಹಾಕಲು ಬಾರದು, ಚಮಚ ಮೂಗಿಗೆ ಹೋಗುತ್ತದೆ,
ಐವತ್ತೆಂಟು ವರ್ಷ ಪಕ್ಕದಲ್ಲೇ ಇದ್ದೂ
ಏನೂ ಕಲಿಯದ ಸೋದರಿ.

ಒಲೆಗೆ ಗೋಚಾ ನಿಂತ.
ದೋಣಿಯಂತಿರಬೇಕಾದ ರೊಟ್ಟಿ
ಒಂದೊಂದೂ ಮುಳುಗಿದ ದೋಣಿ.
ವೆನೇರಾ ಮೂರು ದಿನ ಮಾತಾಡದೆ ಕೊಂಡಳು,
ನಾಲ್ಕನೆಯ ದಿನ
ಸೇತುವೆಯಾಚೆಯ ಅಂಗಡಿಯ ಕಾಗದದಲ್ಲಿ ಸುತ್ತಿದ ರೊಟ್ಟಿಯನ್ನು
ಶಾಲಿನಡಿ ಮುಚ್ಚಿಕೊಂಡು
ನನ್ನ ಮುಂದೆಯೇ ಹೋದಳು.
ಅವತ್ತು ಮೂಳೆ ನೋಯಲಿಲ್ಲ.

ಹತ್ತನೇ ದಿನ ಮತ್ತೆ ಮಿನಿಬಸ್ಸು, ಮತ್ತೆ ಬೆಂಚು,
ಮತ್ತೆ ಕತ್ತಲಲ್ಲಿ ತೆಗೆದ ನನ್ನ ಬೆಳ್ಳನೆಯ ಭಾವಚಿತ್ರ.
ಎರಡು ಮಿಲಿಮೀಟರ್ ಜರುಗಿದೆ ಎಂದಳು.
ಕೈ ಸುಮ್ಮನಿತ್ತು ತಾನೆ?
ಸುಮ್ಮನಿತ್ತು.
ಪಟ್ಟಿಯ ಅಂಚಿನಲ್ಲಿ ಬಿಳಿಪುಡಿ.
ಹಿಟ್ಟು ಯಾವುದು ಪ್ಲಾಸ್ಟರ್ ಯಾವುದು ಎಂದು
ಅವಳು ನೆಕ್ಕಿ ನೋಡಲಿಲ್ಲ,
ದೊಡ್ಡವಳು.
ಆದರೆ ಬೆರಳು ಮತ್ತೆ ಎಳೆದಳು.

ಆಮೇಲೆ ನಿಜವಾಗಿಯೂ ಸುಮ್ಮನಿದ್ದೆ.
ತುರಿಕೆಗೆ ಹೆಣಿಗೆಕಡ್ಡಿ ತೂರಿಸಿದೆ,
ಕಿಟಕಿಯಿಂದ ರಿಯೋನಿ ನದಿ ನೋಡಿದೆ.
ನದಿ ಇಷ್ಟು ಹತ್ತಿರ ಹರಿಯುತ್ತದೆಂದು
ಯಾರೂ ಹೇಳಿರಲಿಲ್ಲ.

ಆರನೆಯ ವಾರ ಗರಗಸ ಗಿರ್ರೆಂದಿತು.
ಚಿಪ್ಪು ಎರಡಾಗಿ ಒಳಗಿಂದ ಒಂದು ಕೈ ಬಂತು:
ಸಣಕಲು, ಹುಳಿವಾಸನೆ, ಹೊಟ್ಟಿನಂತೆ ಉದುರುವ ಚರ್ಮ.
ಮತ್ತೆ, ಅಯ್ಯೋ,
ಕೂದಲು.

ಹದಿನೈದು ದಿನ ಒಲೆಗೆ ಬಗ್ಗಿದರೆ ಸಾಕು,
ನಮ್ಮ ಕಸುಬಿನವರ ತೋಳು ಬೋಳು.
ಇಲ್ಲಿ ಮಣಿಕಟ್ಟಿನಿಂದ ಮೇಲೆ
ಕಂದು, ಮೆತ್ತಗೆ, ಒಂದೇ ಕಡೆ ಬಾಗಿದ ರೋಮ,
ಮದುವೆಗೆ ಮುಂಚೆ ಇದ್ದ ಹುಡುಗಿಯದು.
ಡಾಕ್ಟರಿಗೆ ತೋರಿಸಿದೆ.
ಕಟ್ಟಿಟ್ಟ ಕೈಯಲ್ಲಿ ಹಾಗೆ ಆಗುತ್ತದೆ ಎಂದಳು,
ರಬ್ಬರ್ ಚೆಂಡೊಂದನ್ನು ಕೊಟ್ಟು
ದಿನಕ್ಕೆ ನೂರು ಸಲ ಹಿಸುಕಿ ಎಂದಳು.

ಚೆಂಡು ಗೋಚಾನ ಮಗುವಿಗೆ ಕೊಟ್ಟೆ.
ಹಿಟ್ಟು ಹಿಸುಕುತ್ತೇನೆ.
ಮುಷ್ಟಿ ಪೂರ್ತಿ ಮುಚ್ಚುತ್ತದೆ ಈಗ,
ವೆನೇರಾ ಎರಡು ಸಲ ಬಂದು ಕೇಳಿಹೋದಳು.
ನಾಳೆ ಎನ್ನುತ್ತೇನೆ.
ಒಲೆ ಕಾದಿದೆ, ಗೋಚಾ ಪಕ್ಕಕ್ಕೆ ಸರಿದು ನಿಂತಿದ್ದಾನೆ.
ತೋಳು ಮಡಿಸಿ ಮೇಲೇರಿಸಿದವಳು
ಮತ್ತೆ ಇಳಿಸುತ್ತೇನೆ.
ನಾಳೆ.